ರಸಾಯನಶಾಸ್ತ್ರ ಓದಿದರೆ ಮುಂದೇನು?

ಪಿಯುಸಿ ಫಲಿತಾಂಶ ಬಂದ ವಾರ ಗೊಬ್ಬರದ ಲೆಕ್ಕಕ್ಕೆಂದು ಸಂಘದ ಕಚೇರಿಗೆ ಬಂದ ತಾವರೆಕೆರೆಯ ಸದಸ್ಯರೊಬ್ಬರು ಲೆಕ್ಕ ಮುಗಿದರೂ ಕುರ್ಚಿ ಬಿಟ್ಟು ಏಳಲಿಲ್ಲ. "ಮಗಳಿಗೆ ಡಾಕ್ಟರ್ ಸೀಟು ಸಿಗಲಿಲ್ಲ ಸೆಕ್ರೆಟ್ರಿಗಳೇ. ಕೆಮಿಸ್ಟ್ರಿ ಬಿ.ಎಸ್‌ಸಿ. ಓದ್ತೀನಿ ಅಂತಾಳೆ. ಅದು ಓದಿ ಏನಾಗ್ತಾಳೆ? ಒಂದು ಬೋರು ಕೊರೆಸೋ ದುಡ್ಡು ಅದಕ್ಕೆ ಹಾಕಬೇಕಾ?" ಎಂದು ಕೇಳಿದರು. ನಾವೂ ಅದೇ ವಿಷಯ ಓದಿ ತೋಟಕ್ಕೆ ಹಿಂದಿರುಗಿದವರಾದ್ದರಿಂದ ಆ ಪ್ರಶ್ನೆ ನಮಗೂ ಸ್ವಲ್ಪ ನಾಟಿತು. ಅಂದು ಅರ್ಧ ಉತ್ತರ ಕೊಟ್ಟೆವು; ಉಳಿದರ್ಧ ಇಲ್ಲಿದೆ.

ಬೋರಿನಿಂದಲೇ ಆರಂಭಿಸೋಣ. ಶಿರಾ, ಮಧುಗಿರಿ, ಪಾವಗಡ ಸೀಮೆಯ ಹಲವು ಬೋರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನೆಲದಾಳದ ಕಲ್ಲಿನಿಂದ ಅದು ಕರಗಿ ಬರುತ್ತದೆ. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನ ಮಕ್ಕಳು ಕುಡಿಯುತ್ತ ಬಂದರೆ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಬಹಳ ಹೆಚ್ಚಿದಲ್ಲಿ ಕಾಲಾಂತರದಲ್ಲಿ ಮೂಳೆಯೂ ಕೆಡುತ್ತದೆ. ಯಾವ ನೀರು ಕುಡಿಯಲು, ಯಾವುದು ತೋಟಕ್ಕೆ ಮಾತ್ರ ಎಂಬುದನ್ನು ಅಳೆದು ಹೇಳುವ ಕೆಲಸ ರಸಾಯನಶಾಸ್ತ್ರ ಓದಿದವರದು. (ಪರೀಕ್ಷೆಗೆ ನೀರು ಕಳಿಸುವವರು ಗಾಜಿನ ಸೀಸೆ ಬಿಟ್ಟು ಪ್ಲಾಸ್ಟಿಕ್ ಬಾಟಲಿ ಬಳಸಿರಿ.)

ಡ್ರಿಪ್ಪಿನ ತೂತಿನಲ್ಲಿ ಕಟ್ಟುವ ಬಿಳಿ ಸುಣ್ಣ, ಅದನ್ನು ನೊರೆಯೆಬ್ಬಿಸಿ ಕರಗಿಸುವ ಆಮ್ಲ, ಅಡಿಕೆ ಹಂಡೆಯ ಚೊಗರಿನಲ್ಲಿರುವ ಟ್ಯಾನಿನ್, ಎಲ್ಲವೂ ಇದೇ ವಿದ್ಯೆಗೆ ಸೇರಿದ್ದು. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಪದವೀಧರರಾದ ನಾವೇ ಒಮ್ಮೆ ಆತುರದಲ್ಲಿ ತಿರುಗಾಮುರುಗಾ ಮಾಡಿ ಪಂಚೆ ಸುಟ್ಟುಕೊಂಡೆವು. ಮಲೆನಾಡಿನ ಸದಸ್ಯರಿಗೆ ಬೋರ್ಡೋ ದ್ರಾವಣ ಹೊಸದಲ್ಲ. ಉಜ್ಜಿದ ಚಾಕುವನ್ನು ಅದ್ದಿದಾಗ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಅವರಿಗೆ ಗೊತ್ತು. ಕಬ್ಬಿಣವು ತಾಮ್ರವನ್ನು ದ್ರಾವಣದಿಂದ ಹೊರಗೆಳೆಯುವುದೇ ಅದರ ಗುಟ್ಟು.

ಬೆಳೆದದ್ದನ್ನು ಹಸಿಯಾಗಿಯೇ ಮಾರುವ ನಮಗೆ ಮೈಸೂರು ಸಂಸ್ಥಾನದ ಒಂದು ಸಂಗತಿ ನೆನಪಿರಬೇಕು. 1914ರ ಮಹಾಯುದ್ಧದಿಂದ ಗಂಧದ ಮರ ಯೂರೋಪಿಗೆ ಹೋಗದೆ ನಿಂತಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಎಣ್ಣೆಯ ಕಾರ್ಖಾನೆ, 1918ರಲ್ಲಿ ಸಾಬೂನಿನದು. ಆ ಸಾಬೂನನ್ನು ಹದಕ್ಕೆ ತಂದ ಎಸ್. ಜಿ. ಶಾಸ್ತ್ರಿಗಳು ರಸಾಯನಶಾಸ್ತ್ರ ಓದಿ, ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದವರು. 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪಡೆದ ಸಿ. ಎನ್. ಆರ್. ರಾವ್ ಅವರಿಗೆ ಭಾರತರತ್ನವೇ ಬಂತು. ಎಲ್ಲರ ಮಕ್ಕಳೂ ಅಷ್ಟು ದೂರ ಹೋಗುವರೆಂದು ನಾವು ಹೇಳುತ್ತಿಲ್ಲ.

ಇನ್ನು ಕಹಿ ಮಾತು. ಬರಿಯ ಬಿ.ಎಸ್‌ಸಿ.ಗೆ ನಿಲ್ಲಿಸಿದರೆ ಸಾಮಾನ್ಯವಾಗಿ ಸಿಗುವುದು ಔಷಧಿ ಅಥವಾ ಬಣ್ಣದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಆರಂಭದ ಸಂಬಳವೂ ತೆಳು. ಬಿ.ಇಡಿ. ಮಾಡಿದರೆ ಪ್ರೌಢಶಾಲೆ. ಎಂ.ಎಸ್‌ಸಿ. ಮಾಡಿದರೆ ಬಾಗಿಲು ಹೆಚ್ಚು: ಔಷಧ ಸಂಶೋಧನೆ, ಆಹಾರ ಮತ್ತು ನೀರಿನ ಪ್ರಯೋಗಾಲಯ, ವಿಧಿವಿಜ್ಞಾನ, ನೆಟ್ ಅಥವಾ ಕೆ-ಸೆಟ್ ತೇರ್ಗಡೆಯಾದರೆ ಕಾಲೇಜಿನ ಅಧ್ಯಾಪಕ ಹುದ್ದೆಯ ಅರ್ಹತೆ. ನಮ್ಮ ಕಾಲದಲ್ಲಿ ಎಂ.ಎಸ್‌ಸಿ.ಗೆ ಜಿಲ್ಲೆ ಬಿಟ್ಟು ಹೋಗಬೇಕಿತ್ತು, ಆ ಖರ್ಚಿಗೆ ಹೆದರಿಯೇ ನಾವು ನಿಂತೆವು. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಬಂದ ಮೇಲೆ ಆ ತಾಪತ್ರಯ ಕಡಿಮೆ. ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂ.ಎಸ್‌ಸಿ. ಓದುವ ದಾರಿಯೂ ಇದೆ. ಮುಂದೆ ಜೆ.ಆರ್.ಎಫ್. ಸಿಕ್ಕಿದರೆ ಪಿಎಚ್.ಡಿ. ಓದುವವರಿಗೆ ತಿಂಗಳು ತಿಂಗಳು ವೇತನ ಬರುತ್ತದೆ, ಮನೆಯವರು ಕೈ ಬಿಚ್ಚಬೇಕಿಲ್ಲ. ಇದು ನಮ್ಮ ಬಹುಪಾಲು ಸದಸ್ಯರಿಗೆ ತಿಳಿದೇ ಇಲ್ಲ.

ಕಾಲೇಜಿಗೆ ಶುಲ್ಕ ಕಟ್ಟುವ ಮೊದಲು ಪ್ರಯೋಗಶಾಲೆಯನ್ನು ಕಣ್ಣಾರೆ ನೋಡಿರಿ. ವಾರಕ್ಕೆ ಎಷ್ಟು ಗಂಟೆ ಪ್ರಾಯೋಗಿಕ ತರಗತಿ, ತಕ್ಕಡಿ ತೂಗುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿರಿ. ಕೈಯಿಂದ ಮಾಡದೆ ಟಿಪ್ಪಣಿ ಉರುಹೊಡೆದ ಪದವಿ ಸಂದರ್ಶನದಲ್ಲಿ ಐದು ನಿಮಿಷವೂ ನಿಲ್ಲುವುದಿಲ್ಲ.

ಮಕ್ಕಳನ್ನೂ ಅಂಕಪಟ್ಟಿಯನ್ನೂ ಕರೆತಂದರೆ ಕಚೇರಿಯಲ್ಲಿ ಕುಳಿತು ಮಾತಾಡಬಹುದು. ಸಂಜೆ ನಾಲ್ಕರ ಮೇಲೆ ಬನ್ನಿ, ಆಗ ತೂಕದ ಗಲಾಟೆ ಇರುವುದಿಲ್ಲ.