ನಾರ್ಮ್ ಇಲ್ಲದೆ ಒಲಿದ ಗ್ರ್ಯಾಂಡ್‌ಮಾಸ್ಟರ್ ಪಟ್ಟ

ಮಹಿಳಾ ವಿಶ್ವಕಪ್ ಚೆಸ್ ಫೈನಲ್‌ನಲ್ಲಿ ಇಬ್ಬರು ಭಾರತೀಯರೇ ಮುಖಾಮುಖಿಯಾದದ್ದು 2025ರ ಜುಲೈನಲ್ಲಿ, ಜಾರ್ಜಿಯಾದ ಬಟುಮಿಯಲ್ಲಿ. ಎಂಟರ ಘಟ್ಟ ತಲುಪಿದವರಲ್ಲಿ ಕೋನೇರು ಹಂಪಿ, ದ್ರೋಣವಲ್ಲಿ ಹಾರಿಕಾ, ಆರ್. ವೈಶಾಲಿ ಹಾಗೂ ದಿವ್ಯಾ ದೇಶಮುಖ್ ಹೀಗೆ ನಾಲ್ವರು ಭಾರತದವರಾಗಿದ್ದರು.

ಇದು ನಾಕೌಟ್ ಮಾದರಿಯ ಟೂರ್ನಿ. ಪ್ರತಿ ಸುತ್ತಿನಲ್ಲಿ ಎರಡು ಕ್ಲಾಸಿಕಲ್ ಪಂದ್ಯಗಳು. ಸಮಬಲವಾದರೆ ಕಡಿಮೆ ಅವಧಿಯ ಟೈಬ್ರೇಕರ್. ಫೈನಲ್‌ನ ಎರಡೂ ಕ್ಲಾಸಿಕಲ್ ಪಂದ್ಯಗಳು ಡ್ರಾ ಆದವು. ಜುಲೈ 28ರ ರ್‍ಯಾಪಿಡ್ ಟೈಬ್ರೇಕರ್‌ನ ಮೊದಲ ಪಂದ್ಯವೂ ಡ್ರಾ. ಎರಡನೆಯದರಲ್ಲಿ ಸಮಯದ ಒತ್ತಡಕ್ಕೆ ಸಿಲುಕಿ ಹಂಪಿ ಎಡವಿದರು. ಕಪ್ಪು ಕಾಯಿಗಳೊಂದಿಗೆ ಆಡಿದ ದಿವ್ಯಾ ಗೆದ್ದರು.

ಗ್ರ್ಯಾಂಡ್‌ಮಾಸ್ಟರ್ ಆಗಲು ಸಾಮಾನ್ಯವಾಗಿ ಮೂರು ನಾರ್ಮ್ ಹಾಗೂ 2500 ರೇಟಿಂಗ್ ಅಗತ್ಯ. ನಾಗಪುರದ 19 ವರ್ಷದ ದಿವ್ಯಾ ಬಳಿ ಟೂರ್ನಿಗೆ ಮುನ್ನ ಒಂದು ನಾರ್ಮ್ ಕೂಡ ಇರಲಿಲ್ಲ. ಆದರೆ ಫಿಡೆ ನಿಯಮದಂತೆ ವಿಶ್ವಕಪ್ ವಿಜೇತೆಗೆ ಈ ಪಟ್ಟ ನೇರವಾಗಿ ಸಲ್ಲುತ್ತದೆ. ಹೀಗೆ ಅವರು ದೇಶದ 88ನೇ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು.

ಆ 88 ಮಂದಿಯಲ್ಲಿ ಮಹಿಳೆಯರು ನಾಲ್ವರು ಮಾತ್ರ. ಬಟುಮಿಯಲ್ಲಿ ಎಂಟರ ಘಟ್ಟ ತಲುಪಿದವರೇ ಆ ನಾಲ್ವರು. ಮೊದಲಿಗರಾದ ಹಂಪಿ ಈ ಪಟ್ಟಕ್ಕೇರಿದ್ದು 2002ರಲ್ಲಿ. ಅವರನ್ನು ಮಣಿಸಿದ ದಿವ್ಯಾ ಹುಟ್ಟಿದ್ದು 2005ರಲ್ಲಿ. ಗೆದ್ದವರಿಗೂ ಸೋತವರಿಗೂ 2026ರ ಕ್ಯಾಂಡಿಡೇಟ್ಸ್ ಟೂರ್ನಿಯ ಅರ್ಹತೆ ದಕ್ಕಿತು.