11 ವರ್ಷದ ಬಳಿಕ ತಿದ್ದಿದ ಹಾಡುಗಳು

ಬಿಡುಗಡೆಯಾಗಿ ಜನರ ಕೈ ಸೇರಿದ ಹಾಡನ್ನು ಮತ್ತೆ ತಿದ್ದಲು ಆಗುತ್ತದೆಯೇ? ಆಗುತ್ತದೆ. ಕೆನಡಾದ ಟೊರೊಂಟೊ ನಗರದ ‘ರಶ್’ ಎಂಬ ರಾಕ್ ಸಂಗೀತ ತಂಡ ಅದನ್ನು ಮಾಡಿ ತೋರಿಸಿದೆ. 2002ರ ಮೇ ತಿಂಗಳಲ್ಲಿ ಹೊರಬಂದ ‘ವೇಪರ್ ಟ್ರೇಲ್ಸ್’ ಎಂಬ ಆಲ್ಬಂನ 13 ಹಾಡುಗಳನ್ನೂ ಆ ತಂಡ 2013ರಲ್ಲಿ ಹೊಸದಾಗಿ ಮಿಕ್ಸ್ ಮಾಡಿಸಿ ಮತ್ತೆ ಜನರ ಮುಂದಿಟ್ಟಿತು. ಕೇಳುಗರ ದೂರು ಒಂದು ಕಡೆ, ‘ಇದು ನಾವು ಅಂದುಕೊಂಡ ಹಾಗೆ ಕೇಳಿಸುತ್ತಿಲ್ಲ’ ಎಂಬ ತಂಡದವರ ಕೊರಗು ಇನ್ನೊಂದು ಕಡೆ. ಎರಡೂ ಸೇರಿ ಈ ಕೆಲಸ ಮಾಡಿಸಿದವು.

ರಾಕ್ ಸಂಗೀತ ನಮ್ಮ ಮನೆಗಳಲ್ಲಿ ಹೆಚ್ಚು ಕೇಳುವಂಥದ್ದಲ್ಲ. ಆದರೆ ಈ ಕತೆ ಕೇಳುವವರಿಗೂ ಹಾಡುವವರಿಗೂ ಬೇಕಾದದ್ದು.

ದುಃಖದಿಂದ ಎದ್ದು ಬಂದ ಆಲ್ಬಂ

ರಶ್ ಮೂರೇ ಜನರ ತಂಡವಾಗಿತ್ತು. ಗೆಡ್ಡಿ ಲೀ ಹಾಡುತ್ತಾ ಬೇಸ್ ಗಿಟಾರ್ ನುಡಿಸುವವರು, ಅಲೆಕ್ಸ್ ಲೈಫ್‌ಸನ್ ಗಿಟಾರ್, ನೀಲ್ ಪೀರ್ಟ್ ಡ್ರಮ್ಸ್. ಹಾಡುಗಳ ಸಾಹಿತ್ಯವೂ ಹೆಚ್ಚಾಗಿ ಪೀರ್ಟ್ ಅವರದೇ. 1997ರ ಆಗಸ್ಟ್‌ನಲ್ಲಿ ಪೀರ್ಟ್ ಅವರ 19 ವರ್ಷದ ಮಗಳು ಕಾರು ಅಪಘಾತದಲ್ಲಿ ತೀರಿಕೊಂಡಳು. ಹತ್ತು ತಿಂಗಳಲ್ಲಿ ಪತ್ನಿಯೂ ಕ್ಯಾನ್ಸರ್‌ನಿಂದ ಹೋದರು. ಆ ಮನುಷ್ಯ ಡ್ರಮ್ಸ್ ಬಿಟ್ಟು, ಬೈಕ್ ಹತ್ತಿ, ಸುಮಾರು 88 ಸಾವಿರ ಕಿಲೋಮೀಟರ್ ಸುತ್ತಿದರು. ಉಳಿದಿಬ್ಬರು ಒತ್ತಾಯ ಮಾಡಲಿಲ್ಲ, ಸುಮ್ಮನೆ ಕಾದರು. ಅವರು ಮರಳಿ ಬಂದ ಮೇಲೆ ಮಾಡಿದ ಮೊದಲ ಆಲ್ಬಂ ಇದು. ಹಾಗಾಗಿ ಇದು ಕೆಟ್ಟದಾಗಿ ಕೇಳಿಸಿದಾಗ ಅಭಿಮಾನಿಗಳಿಗೆ ನೋವಾಯಿತು, ಸಿಟ್ಟಿಗಿಂತ ಹೆಚ್ಚಾಗಿ.

ಹಾಡು ಕೆಟ್ಟದ್ದೆಲ್ಲಿ?

ಸ್ಟುಡಿಯೋದಲ್ಲಿ ಹಾಡುಗಾರನ ಸ್ವರ, ಗಿಟಾರ್, ಡ್ರಮ್ಸ್ ಎಲ್ಲವನ್ನೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ರೆಕಾರ್ಡ್ ಮಾಡುತ್ತಾರೆ. ಯಾವುದು ಎಷ್ಟು ಕೇಳಬೇಕು, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಹದ ನೋಡಿ ಅವನ್ನು ಸೇರಿಸುವುದೇ ಮಿಕ್ಸಿಂಗ್. ಹಾಗೆ ಸೇರಿದ ಹಾಡಿಗೆ ಕೊನೆಯ ಪಾಲಿಶ್ ಕೊಡುವುದು ಮಾಸ್ಟರಿಂಗ್.

ಆ ಕಾಲದಲ್ಲಿ ಸಿಡಿ ಕಂಪೆನಿಗಳ ನಡುವೆ ಒಂದು ಪೈಪೋಟಿ ಇತ್ತು. ‘ನಮ್ಮ ಹಾಡು ಪಕ್ಕದವರ ಹಾಡಿಗಿಂತ ಜೋರಾಗಿ ಕೇಳಬೇಕು.’ ಆದರೆ ಡಿಜಿಟಲ್ ರೆಕಾರ್ಡಿಂಗ್‌ಗೆ ಒಂದು ಮಿತಿ ಉಂಟು, ಮನೆಗೆ ಮಾಡು ಇದ್ದ ಹಾಗೆ. ಅದಕ್ಕಿಂತ ಮೇಲೆ ಧ್ವನಿ ಹೋಗಲಾರದು. ಬಲವಂತದಿಂದ ತಳ್ಳಿದರೆ ಧ್ವನಿಯ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಮದುವೆ ಹಾಲ್‌ನಲ್ಲಿ ಮೈಕ್ ಸೆಟ್ಟಿನವನು ಮಿತಿ ಮೀರಿ ವಾಲ್ಯೂಮ್ ಏರಿಸಿದಾಗ ಒಡೆದ ಹಾಗೆ ಕೇಳುತ್ತದಲ್ಲ, ಅದೇ ಇದು. ಇನ್ನೊಂದು ನಷ್ಟವೂ ಇದೆ. ಮೆಲ್ಲಗಿನ ಭಾಗವನ್ನೂ ಜೋರು ಮಾಡಿದರೆ ಮೆಲ್ಲಗೆ, ಜೋರು ಎಂಬ ವ್ಯತ್ಯಾಸವೇ ಉಳಿಯುವುದಿಲ್ಲ. ಹತ್ತು ನಿಮಿಷದಲ್ಲಿ ಕಿವಿ ದಣಿಯುತ್ತದೆ.

‘ವೇಪರ್ ಟ್ರೇಲ್ಸ್’ಗೆ ಆದದ್ದು ಹೀಗೆ. ಗಿಟಾರ್ ಮೇಲೆ ಗಿಟಾರ್ ಪದರ ಪದರವಾಗಿ ಪೇರಿಸಿದ್ದರು. ಮಾಸ್ಟರಿಂಗ್‌ನಲ್ಲಿ ಅದೆಲ್ಲವನ್ನೂ ಮಿತಿಯವರೆಗೆ ಏರಿಸಿಬಿಟ್ಟರು. ಮಾತು, ತಾಳ, ತಂತಿ ಎಲ್ಲ ಒಂದೇ ಗೋಡೆಯಾಯಿತು.

ಎರಡು ಹಾಡಿನ ಪರೀಕ್ಷೆ

ಅಭಿಮಾನಿಗಳು ದೂರು ಬಿಡಲಿಲ್ಲ. ತಂಡದವರೂ ಅದನ್ನು ಒಪ್ಪಿಕೊಂಡರು. ಆದರೆ ಒಮ್ಮೆಗೇ 13 ಹಾಡು ತಿದ್ದಲು ಹೊರಡಲಿಲ್ಲ. 2009ರಲ್ಲಿ ಬಂದ ಒಂದು ಆಯ್ದ ಹಾಡುಗಳ ಸಂಗ್ರಹಕ್ಕಾಗಿ ಎರಡೇ ಹಾಡನ್ನು ರಿಚರ್ಡ್ ಚಿಕಿ ಎಂಬ ಎಂಜಿನಿಯರ್ ಕೈಯಲ್ಲಿ ಹೊಸದಾಗಿ ಮಿಕ್ಸ್ ಮಾಡಿಸಿದರು. ಕೇಳಿದವರು ಮೆಚ್ಚಿದರು. ಆ ಮೇಲೆಯೇ ಇಡೀ ಆಲ್ಬಂ ಡೇವಿಡ್ ಬಾಟ್ರಿಲ್ ಕೈಗೆ ಹೋಯಿತು.

ಹಳೆಯ ಸಿಡಿಯನ್ನೇ ತಿದ್ದಿದ್ದರೆ ಸಾಲದಿತ್ತೇ? ಸಾಲದು. ಕುದಿದ ಸಾರಿನಿಂದ ಉಪ್ಪನ್ನು ಹೊರತೆಗೆಯಲಾದೀತೇ? ಕತ್ತರಿಸಿ ಹೋದ ಧ್ವನಿಯೂ ಹಾಗೆಯೇ. ಬೇರೆ ಬೇರೆ ಟ್ರ್ಯಾಕ್‌ಗಳನ್ನು ಜೋಪಾನವಾಗಿ ಇಟ್ಟಿದ್ದರಿಂದ ಮೊದಲಿನಿಂದ ಸೇರಿಸಲು ಸಾಧ್ಯವಾಯಿತು. ಹೊಸ ಮಿಕ್ಸ್‌ನಲ್ಲಿ ಉಸಿರಾಡಲು ಜಾಗ ಉಂಟು. ಹಿಂದೆ ಹೂತುಹೋಗಿದ್ದ ಗಿಟಾರ್‌ಗಳು ಕೇಳುತ್ತವೆ. ಹಳೆಯ ಒರಟುತನವೇ ಆ ದುಃಖಕ್ಕೆ ಸರಿ ಹೊಂದುತ್ತಿತ್ತು ಅನ್ನುವ ಕೇಳುಗರೂ ಇದ್ದಾರೆ. ಎಲ್ಲರನ್ನೂ ಮೆಚ್ಚಿಸುವ ಮಿಕ್ಸ್ ಇಲ್ಲ ನೋಡಿ.

ದೂರು ಕೊಟ್ಟಾಗಲೆಲ್ಲ ಹೀಗೇ ಆಗುತ್ತದೆ ಅಂತಲೂ ಇಲ್ಲ. 2008ರಲ್ಲಿ ಅಮೆರಿಕದ ‘ಮೆಟಾಲಿಕಾ’ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ‘ಗಿಟಾರ್ ಹೀರೋ’ ಎಂಬ ವೀಡಿಯೊ ಗೇಮ್‌ನಲ್ಲಿ ಅದೇ ಹಾಡುಗಳು ಸಿಡಿಗಿಂತ ಚೆನ್ನಾಗಿ ಕೇಳುತ್ತಿದ್ದವು. ಸಾವಿರಾರು ಅಭಿಮಾನಿಗಳು ಹೊಸ ಮಿಕ್ಸ್ ಬೇಕೆಂದು ಮನವಿಗೆ ಸಹಿ ಹಾಕಿದರು. ತಂಡ ಆಗ ಒಪ್ಪಲಿಲ್ಲ.

ಕೇಳುಗನ ಕೆಲಸ, ಮಾಡುವವನ ಕೆಲಸ

ಈಗ ನಮ್ಮ ಮನೆಯ ಹುಡುಗರೂ ಮೊಬೈಲಿನಲ್ಲೇ ಹಾಡು ರೆಕಾರ್ಡ್ ಮಾಡಿ, ಮಿಕ್ಸ್ ಮಾಡಿ ಕುಟುಂಬದ ಗ್ರೂಪಿಗೆ ಹಾಕುತ್ತಾರೆ. ಎಲ್ಲರೂ ‘ಸೂಪರ್’ ಅಂತಾರೆ. ಅದರಿಂದ ಹುಡುಗನಿಗೆ ಖುಷಿಯಾದೀತು, ಹಾಡು ಸುಧಾರಿಸದು. ‘ಎರಡನೇ ಚರಣದಲ್ಲಿ ಮಾತು ಕೇಳುವುದಿಲ್ಲ’ ಎಂದರೆ ಅದು ಕೆಲಸಕ್ಕೆ ಬರುವ ಮಾತು. ಉಮ್ಮನಿಗೆ ಮಿಕ್ಸಿಂಗ್ ತಿಳಿದಿರಬೇಕೆಂದಿಲ್ಲ. ಮಾತು ಅರ್ಥವಾಯಿತೇ, ಕಿವಿ ಎಲ್ಲಿ ನೊಂದಿತು ಎಂದು ಹೇಳಿದರೆ ಸಾಕು.

ಮಾಡುವವನು ತಿಳಿಯಬೇಕಾದದ್ದು ಬೇರೆ. ನಾಲ್ಕು ಜನ ಒಂದೇ ಜಾಗವನ್ನು ತೋರಿಸಿದರೆ ಅಲ್ಲಿ ಏನೋ ತೊಂದರೆ ಇದೆ ಎಂದು ನಂಬಬೇಕು. ಆದರೆ ಅವರು ಹೇಳುವ ಮದ್ದೇ ಸರಿಯೆಂದಲ್ಲ. ‘ಸ್ವರ ಜೋರು ಮಾಡು’ ಎಂದಾಗ ಎಷ್ಟೋ ಸಲ ಮಾಡಬೇಕಾದದ್ದು ಸ್ವರವನ್ನು ಮುಚ್ಚುತ್ತಿರುವ ಗಿಟಾರನ್ನು ತಗ್ಗಿಸುವುದು. ಒಮ್ಮೆಗೆ ಒಂದನ್ನೇ ಬದಲಿಸಿ, ಹಳೆಯದನ್ನು ಅಳಿಸದೆ ಇಟ್ಟುಕೊಳ್ಳಿ. ಹಳೆಯದು, ಹೊಸದು ಎರಡನ್ನೂ ಒಂದೇ ವಾಲ್ಯೂಮ್‌ನಲ್ಲಿ ಕೇಳಿಸಿ. ಯಾಕೆಂದರೆ ಸ್ವಲ್ಪ ಜೋರಾಗಿರುವುದೇ ಒಳ್ಳೆಯದೆಂದು ಕಿವಿ ಮೋಸಹೋಗುತ್ತದೆ. ಇಯರ್‌ಫೋನ್, ಕಾರು, ಸಣ್ಣ ಸ್ಪೀಕರ್ ಎಲ್ಲದರಲ್ಲೂ ಕೇಳಿ. ರಾತ್ರಿ ಮುಗಿಸಿದ್ದನ್ನು ಬೆಳಿಗ್ಗೆ ಇನ್ನೊಮ್ಮೆ ಕೇಳಿಯೇ ಕಳುಹಿಸಿ.

ನೀಲ್ ಪೀರ್ಟ್ 2020ರ ಜನವರಿಯಲ್ಲಿ ತೀರಿಕೊಂಡರು. ಅವರು ದುಃಖದಿಂದ ಎದ್ದು ಬಾರಿಸಿದ ಆ ತಾಳ ಇಂದು ಸ್ಪಷ್ಟವಾಗಿ ಕೇಳಲು ಸಿಗುವುದು, ‘ಇದು ಸರಿ ಕೇಳುವುದಿಲ್ಲ’ ಎಂದು ಹೇಳುವವರು ಇದ್ದದ್ದರಿಂದ ಮತ್ತು ಆ ಮಾತಿಗೆ ತಂಡ ಕಿವಿಗೊಟ್ಟದ್ದರಿಂದ.