ಬಾಯಿ ಕ್ಯಾನ್ಸರ್ ಚಿಕಿತ್ಸೆ: ಹುಣ್ಣು, ಒಣ ಬಾಯಿಯ ಮುನ್ಸೂಚನೆ ಸಾಧ್ಯ

ತಂಬಾಕಿಗೆ ಸುಣ್ಣ ತಿಕ್ಕಿ ದವಡೆಗೆ ಒತ್ತರಿಸಿಕೊಳ್ಳುವ ಅಭ್ಯಾಸ ನಮ್ಮ ಬೀದರ್ ಜಿಲ್ಲೆಗೆ ಹೊಸದಲ್ಲ. ರಾಜ್ಯ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದರೂ ಚಟ ಅಳಿದಿಲ್ಲ. ಇದರಿಂದ ಬಾಯಿ ಕ್ಯಾನ್ಸರ್‌ಗೆ ತುತ್ತಾದವರು ಭಾಲ್ಕಿ, ಔರಾದ್ ಕಡೆಯಿಂದ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಹೈದರಾಬಾದಿನ ಎಂ.ಎನ್.ಜೆ. ಆಸ್ಪತ್ರೆಗೋ ಹೋಗುತ್ತಾರೆ. ಆದರೆ 'ಗಾಯ ಮಾಯಲೆಂದು ಹೋದರೆ ಬಾಯೆಲ್ಲ ಹುಣ್ಣಾಯಿತು' ಎಂದು ಚಿಕಿತ್ಸೆಯ ನಡುವೆಯೇ ಊರಿಗೆ ಮರಳುವವರೂ ಉಂಟು. ಇದು ಅಪಾಯಕರ. ವಿಕಿರಣ ಚಿಕಿತ್ಸೆಯ ದಿನಗಳು ತಪ್ಪಿದಷ್ಟೂ ರೋಗ ಗುಣವಾಗುವ ಸಾಧ್ಯತೆ ಕುಗ್ಗುತ್ತದೆ.

ಹುಣ್ಣು ಏಕೆ?

ವಿಕಿರಣವನ್ನು ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 6-7 ವಾರ ಕೊಡುತ್ತಾರೆ. ಅದು ಕ್ಯಾನ್ಸರ್ ಕೋಶಗಳ ಜೊತೆಗೆ ಬಾಯಿಯ ಒಳಪೊರೆಯ ಕೋಶಗಳನ್ನೂ ಕೊಲ್ಲುತ್ತದೆ. ಎರಡನೆಯ ಅಥವಾ ಮೂರನೆಯ ವಾರದಲ್ಲಿ ಹುಣ್ಣು ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮಾಯುತ್ತದೆ. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಯುತ್ತದೆ. ಗ್ರಂಥಿಗಳಿಗೆ ವಿಕಿರಣ ತಾಗಿದರೆ ಜೊಲ್ಲು ಕಡಿಮೆಯಾಗಿ ಅಂಟಂಟಾಗುತ್ತದೆ, ರುಚಿ ಕೆಡುತ್ತದೆ, ಹಲ್ಲು ಬೇಗ ಹುಳುಕಾಗುತ್ತವೆ. ಒಣ ಬಾಯಿ ಹಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ಕೊನೆಯವರೆಗೂ ಉಳಿಯಬಹುದು.

ಯಾರಿಗೆ ಹೆಚ್ಚು?

ಇದನ್ನು ಮೊದಲೇ ಬಹುಮಟ್ಟಿಗೆ ಅಂದಾಜು ಮಾಡಬಹುದು. ಕುತ್ತಿಗೆಯ ಎರಡೂ ಬದಿಗೆ ವಿಕಿರಣ ಬೇಕಾದವರು, ಜೊತೆಗೆ ಸಿಸ್‌ಪ್ಲಾಟಿನ್‌ನಂಥ ಔಷಧಿ ಪಡೆಯುವವರು, ಹುಳುಕು ಹಲ್ಲು ಅಥವಾ ವಸಡಿನ ಕೀವು ಇರುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಮೊದಲೇ ತೂಕ ಇಳಿದವರು, ಚಿಕಿತ್ಸೆಯಲ್ಲೂ ತಂಬಾಕು ಬಿಡದವರು ಹೆಚ್ಚು ಎಚ್ಚರದಿಂದಿರಬೇಕು. ಕಿವಿಯ ಮುಂದಿರುವ ದೊಡ್ಡ ಜೊಲ್ಲು ಗ್ರಂಥಿಗೆ ಬೀಳುವ ಸರಾಸರಿ ಪ್ರಮಾಣ ಸುಮಾರು 26 ಗ್ರೇ ಒಳಗಿದ್ದರೆ ಅದು ಚೇತರಿಸಿಕೊಳ್ಳುವ ಸಂಭವ ಹೆಚ್ಚು. 'ಗ್ರಂಥಿಯನ್ನು ಉಳಿಸಲು ಸಾಧ್ಯವೇ?' ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಮೊದಲೇ ಮಾಡಬೇಕಾದದ್ದು

ವಿಕಿರಣ ಆರಂಭವಾಗುವ ಮುನ್ನ ದಂತವೈದ್ಯರಿಗೆ ಬಾಯಿ ತೋರಿಸಿ. ಕೀಳಲೇಬೇಕಾದ ಹಲ್ಲನ್ನು ಕನಿಷ್ಠ ಎರಡು ವಾರ ಮೊದಲೇ ಕೀಳಿಸಿದರೆ ಗಾಯ ಮಾಯಲು ಸಮಯ ಸಿಗುತ್ತದೆ. ವಿಕಿರಣ ತಾಗಿದ ದವಡೆಯಿಂದ ಆಮೇಲೆ ಹಲ್ಲು ಕಿತ್ತರೆ ಮೂಳೆಯೇ ಸಾಯುವ ಭಯವಿದೆ. ಆದ್ದರಿಂದ ವರ್ಷಗಳ ನಂತರವೂ ಹಲ್ಲು ಕೀಳಿಸುವ ಮುನ್ನ ಈ ಚಿಕಿತ್ಸೆಯ ವಿಷಯ ತಪ್ಪದೆ ತಿಳಿಸಿ.

ದಿನನಿತ್ಯದ ಆರೈಕೆ

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚೆ ಉಪ್ಪು, ಒಂದು ಚಮಚೆ ಅಡುಗೆ ಸೋಡಾ ಬೆರೆಸಿ ದಿನಕ್ಕೆ ಐದಾರು ಸಲ ಮುಕ್ಕಳಿಸಿ. ಮೃದುವಾದ ಬ್ರಷ್, ಫ್ಲೋರೈಡ್ ಪೇಸ್ಟ್ ಬಳಸಿ. ಕಡಕ್ ರೊಟ್ಟಿ, ಮೆಣಸಿನ ಚಟ್ನಿ, ಹುಳಿ ಬೇಡ. ತಣಿದ ಜೋಳದ ಅಂಬಲಿ, ಮೆತ್ತನೆಯ ಕಿಚಡಿ, ಹಾಲು, ಬೆಂದ ಮೊಟ್ಟೆ ಒಳ್ಳೆಯದು. ನಮ್ಮ ಬೇಸಿಗೆಯಲ್ಲಿ ನೀರಿನ ಬಾಟಲಿ ಸದಾ ಜೊತೆಗಿರಲಿ. ವೈದ್ಯರು ಹೇಳಿಕೊಟ್ಟ ಬಾಯಿ ತೆರೆಯುವ ವ್ಯಾಯಾಮ ಬಿಡಬೇಡಿ. ಬಿಟ್ಟರೆ ದವಡೆ ಬಿಗಿದುಕೊಳ್ಳಬಹುದು.

ಜ್ವರ, ರಕ್ತಸ್ರಾವ, ಬಿಳಿ ಪೊರೆ ಕಂಡರೆ, ನೀರೂ ನುಂಗಲಾಗದಿದ್ದರೆ ತಕ್ಷಣ ವೈದ್ಯರನ್ನು ಕಾಣಿ. ನೋವಿಗೆ ಔಷಧಿಯಿದೆ, ಅಗತ್ಯವಾದರೆ ಮೂಗಿನ ನಳಿಕೆಯಿಂದ ಆಹಾರ ಕೊಡಬಹುದು. ರೋಗಿಯನ್ನು ಧೈರ್ಯ ಹೇಳಿ ಮರುದಿನ ಮತ್ತೆ ಆಸ್ಪತ್ರೆಗೆ ಕರೆದೊಯ್ಯುವುದು ಮನೆಯವರ ಕೈಯಲ್ಲಿದೆ.